ಮಲೆನಾಡಿನ ಮಕ್ಕಳಿಗೂ ಡೈವಿಂಗ್ ಹಲಗೆ ಬೇಕು

ಮಾನ್ಯರೇ,

ಬೇಸಿಗೆ ರಜೆಯಲ್ಲಿ ತುಂಗೆಯ ದಡಕ್ಕೆ ಹೋದರೆ ಬಂಡೆಯ ಮೇಲಿಂದ ಪಲ್ಟಿ ಹೊಡೆದು ಹೊಳೆಗೆ ಹಾರುವ ಹುಡುಗರು ಕಣ್ಣಿಗೆ ಬೀಳುತ್ತಾರೆ. ಕಾಲು ಜೋಡಿಸಿ, ಪಾದ ನೀಳವಾಗಿಸಿ, ನೀರು ಹೆಚ್ಚು ಚಿಮ್ಮದಂತೆ ಒಳಗಿಳಿಯುವವರೂ ಅವರಲ್ಲಿದ್ದಾರೆ. ಯಾರೂ ಹೇಳಿಕೊಟ್ಟಿದ್ದಲ್ಲ! ಆದರೆ ಅಡಿಯಲ್ಲಿ ಕಲ್ಲು ಎಲ್ಲಿದೆಯೆಂದು ಕಾಣದ ಹೊಳೆ ಅಭ್ಯಾಸಕ್ಕೆ ತಕ್ಕ ಜಾಗವಲ್ಲ.

ಸ್ಪ್ರಿಂಗ್‌ಬೋರ್ಡ್ ಡೈವಿಂಗ್, ಅಂದರೆ ಬಾಗಿ ಪುಟಿಯುವ ಹಲಗೆಯ ತುದಿಯಿಂದ ಚಿಮ್ಮಿ ನೀರಿಗೆ ಹಾರುವುದು, ಎಳವೆಯಲ್ಲೇ ಕೈಹಿಡಿಯಬೇಕಾದ ಆಟ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 3 ಮೀಟರ್ ಸ್ಪ್ರಿಂಗ್‌ಬೋರ್ಡ್ ಚಿನ್ನ ಗೆದ್ದಾಗ ಅಮೆರಿಕದ ಮಾರ್ಜರಿ ಗೆಸ್ಟ್ರಿಂಗ್‌ಗೆ 13 ವರ್ಷ. ತುದಿಯಲ್ಲಿ ಬಾಗಿದ ಹಲಗೆ ಮೇಲೇಳುವ ಕ್ಷಣಕ್ಕೆ ಸರಿಯಾಗಿ ಮೈ ಚಿಮ್ಮಿಸುವ ಲಯ ಕೂಡಿಬರಲು ವರ್ಷಗಳೇ ಬೇಕು. ಆ ಕಲಿಕೆ ಶುರುವಾಗುವುದು ನೆಲದ ಮೇಲೆ, ಟ್ರ್ಯಾಂಪೊಲಿನ್ ಎಂಬ ಪುಟಿಯುವ ಬಿಗಿ ಹಾಸಿನಲ್ಲಿ, ಸೊಂಟಕ್ಕೆ ಸುರಕ್ಷತಾ ಪಟ್ಟಿ ಕಟ್ಟಿಕೊಂಡು.

ಮಾಮೂಲಿ ಈಜುಕೊಳಕ್ಕೆ ಹಲಗೆ ಜೋಡಿಸಿದರೆ ಆಗದು; ಆಳ ಸಾಲದಿದ್ದರೆ ಕುತ್ತಿಗೆಗೇ ಅಪಾಯ. ಶಿವಮೊಗ್ಗದಲ್ಲಿ ಮುಂದೆ ಕಟ್ಟುವ ಕೊಳಕ್ಕಾದರೂ ಡೈವಿಂಗ್‌ಗೆ ತಕ್ಕ ಆಳ, 1 ಮತ್ತು 3 ಮೀಟರ್ ಎತ್ತರದ ಹಲಗೆಗಳು, ಒಬ್ಬ ನುರಿತ ತರಬೇತುದಾರರು, ಇವನ್ನು ನಕ್ಷೆಯ ಹಂತದಲ್ಲೇ ಸೇರಿಸಬೇಕು. ಟ್ರ್ಯಾಂಪೊಲಿನ್ ಒಂದನ್ನಾದರೂ ಕ್ರೀಡಾ ಇಲಾಖೆ ಈ ವರ್ಷವೇ ತರಿಸಲಿ.

– ದೈಹಿಕ ಶಿಕ್ಷಣ ಶಿಕ್ಷಕಿ, ತೀರ್ಥಹಳ್ಳಿ