ಸೂಪರ್‌ಮಾರ್ಕೆಟ್‌ನಲ್ಲಿ ಬಿದ್ದ ಆಂಟಿಯ ವಿಷಯ: ಅವತ್ತು ಅಲ್ಲಿದ್ದವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ ಮೂರನೇ ಮಹಡಿಯ ಆಂಟಿ ಹತ್ತಿರದ ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ ಮಾಡಿಸಿ ಹೊರಡುವಾಗ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ. ಆಗಷ್ಟೇ ನೆಲ ಒರೆಸಿದ್ದರು, ಬೋರ್ಡ್ ಇಟ್ಟಿರಲಿಲ್ಲ. ಅಂಗಡಿಯವರು ಪ್ಲಾಸ್ಟರ್ ಖರ್ಚು ಕೊಟ್ಟು ಮುಗಿಸೋಣ ಅಂತಿದ್ದಾರೆ. ಇನ್ನೂ ಯಾವುದಕ್ಕೂ ಸಹಿ ಹಾಕಿಲ್ಲ, ಹಾಕುವುದೂ ಬೇಡ.

ಆಸ್ಪತ್ರೆ ಬಿಲ್ ಜೊತೆಗೆ ಪಟ್ಟ ನೋವಿಗೂ ಪರಿಹಾರ ಕೇಳಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷ ಸಮಯ ಇದೆ, ವಕೀಲರು ಕಡ್ಡಾಯ ಅಲ್ಲ, ಕೊಂಡ ಸಾಮಾನಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ (ನಾವು ಕೊಳ್ಳೋದು ಬೇಳೆ, ಎಣ್ಣೆ ತಾನೇ!). ಸಹಾಯವಾಣಿ 1915. ಸಾಮಾನಿನ ಬಿಲ್ ಜೋಪಾನವಾಗಿದೆ, ಅವರು ಗ್ರಾಹಕರು ಅನ್ನೋದಕ್ಕೆ ಅದೇ ಪುರಾವೆ. ಎಕ್ಸ್‌ರೇ, ಔಷಧಿ ಚೀಟಿ, ಫಿಸಿಯೋಥೆರಪಿ ರಸೀದಿ ಒಂದೇ ಫೈಲಿನಲ್ಲಿ ಇಡುತ್ತಿದ್ದೇವೆ. ನೋವಿಗೆ ರಸೀದಿ ಇರಲ್ಲ ಅಲ್ವಾ, ಅದಕ್ಕೇ ನಿದ್ದೆ ಬರದ ರಾತ್ರಿ, ಮಾಡಲಾಗದ ಕೆಲಸ ಎಲ್ಲ ಡೈರಿಯಲ್ಲಿ ಬರೆಯಲು ಆಂಟಿಗೆ ಹೇಳಿದ್ದೇವೆ. ಸಿಸಿಟಿವಿ ದೃಶ್ಯ ಅಳಿಸಬೇಡಿ ಅಂತ ಅಂಗಡಿಗೆ ಇವತ್ತೇ ಇಮೇಲ್ ಹೋಗುತ್ತದೆ.

ಅಲ್ಲಿದ್ದವರು, ಫೋಟೊ ತೆಗೆದವರು ಗುರುವಾರದೊಳಗೆ ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ. ಬೇರೆ ಗುಂಪುಗಳಿಗೆ ಸುಮ್ನೆ ಫಾರ್ವರ್ಡ್ ಮಾಡಬೇಡಿ.