ಕೊನೆಯವರು ಬರುವ ತನಕ ನಿಂತವರಿಗೆ

ಹೊರಟವರೆಲ್ಲ ಗುರಿ ಮುಟ್ಟಿದೆವು. ಇಷ್ಟು ದೂರದ ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್ ರೈಡಿನಲ್ಲಿ ಒಬ್ಬರನ್ನೂ ದಾರಿಯಲ್ಲಿ ಬಿಡದೆ ಬಂದೆವು ಅನ್ನುವುದೇ ನನಗೆ ದೊಡ್ಡ ಖುಷಿ. ಆ ದಿನ ಎಲ್ಲರೂ ಸುಸ್ತಾಗಿದ್ದೆವು, ಕೈ ಕುಲುಕಿ ಮನೆಗೆ ಹೊರಟೆವು. ಈಗ ಮೈಕೈ ನೋವು ಇಳಿದಿದೆ. ಹೇಳಬೇಕಾದ್ದನ್ನು ಹೇಳುತ್ತೇನೆ.

ಮೊದಲು, ರೈಡಿಗೂ ಮುಂಚೆ ದಾರಿ ನೋಡಿ ಬಂದವರಿಗೆ. ಮ್ಯಾಪಿನ ಮೇಲೆ ಗೆರೆ ಎಳೆಯುವುದು ಸುಲಭ. ಆ ಗೆರೆ ಇರುವ ಕಡೆ ನಿಜವಾಗಿ ದಾರಿ ಇದೆಯಾ ಅಂತ ಹೋಗಿಯೇ ನೋಡಬೇಕು. ಎಷ್ಟು ಕಿಲೋಮೀಟರ್ ಅಂತ ಹೇಳಿದರೆ ಇಂಥ ರೈಡಿನಲ್ಲಿ ಏನೂ ಗೊತ್ತಾಗುವುದಿಲ್ಲ. ಒಟ್ಟು ಏರು ಎಷ್ಟು ಮೀಟರ್, ನೆಲ ಕಲ್ಲೋ ಮರಳೋ, ಎಲ್ಲಿ ಬೈಕ್ ತಳ್ಳಬೇಕು, ನೀರು ಎಲ್ಲಿ ಸಿಗುತ್ತದೆ, ಯಾರಿಗಾದರೂ ಏಟಾದರೆ ಗಾಡಿ ಎಲ್ಲಿಯವರೆಗೆ ಬರುತ್ತದೆ. ನೀವು ಇದೆಲ್ಲ ಬರೆದು ತಂದಿರಿ. ಎಲ್ಲರ ಫೋನಿಗೂ ದಾರಿಯ ಟ್ರ್ಯಾಕ್ ಹಾಕಿಸಿ, ಸಿಗ್ನಲ್ ಇಲ್ಲದಿದ್ದರೂ ತೆರೆಯುತ್ತದಾ ಅಂತ ಒಂದೊಂದನ್ನೂ ಪರೀಕ್ಷೆ ಮಾಡಿದಿರಿ. ರೈಡ್ ಅರ್ಧ ಗೆದ್ದದ್ದು ಅಲ್ಲೇ.

ಕವಲುಗಳಲ್ಲಿ ನಿಂತವರಿಗೆ ಏನು ಹೇಳಲಿ? ನಮ್ಮ ಕ್ರಮ ಸರಳವಾಗಿತ್ತು. ದಾರಿ ಒಡೆಯುವ ಜಾಗ ಬಂದಾಗ, ಮುಂದಾಳುವಿನ ಬೆನ್ನಿಗೇ ಇರುವವರು ಅಲ್ಲಿ ನಿಲ್ಲಬೇಕು. ಬಂದವರಿಗೆಲ್ಲ ದಾರಿ ತೋರಿಸಬೇಕು. ಎಲ್ಲರಿಗಿಂತ ಹಿಂದೆ ಬರುವ ಸ್ವೀಪ್ ಕಾಣುವ ತನಕ ಕದಲಬಾರದು. ಕೇಳಲು ಸುಲಭ. ಆದರೆ ಏರು ಹತ್ತಿ ಬೆವರಿದ ಮೈ, ಗಾಳಿಗೆ ನಿಂತರೆ ಕೆಲವೇ ನಿಮಿಷದಲ್ಲಿ ನಡುಗುತ್ತದೆ. ಕಾಲು ಮರಗಟ್ಟುತ್ತದೆ. ಗೆಳೆಯರು ಮುಂದೆ ಹೋಗುತ್ತಿರುವುದು ಕಣ್ಣೆದುರೇ ಕಾಣುತ್ತದೆ. ಆದರೂ ಯಾರೂ ಕದಲಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 2004ರಲ್ಲಿ ಶುರುವಾದ ಕೇಪ್ ಎಪಿಕ್ ರೇಸಿನಲ್ಲಿ ಇಬ್ಬರಿಬ್ಬರ ತಂಡ ಇರುತ್ತದೆ. ಜೋಡಿಯ ನಡುವೆ 2 ನಿಮಿಷಕ್ಕಿಂತ ಜಾಸ್ತಿ ಅಂತರ ಬಿದ್ದರೆ ದಂಡ. ನಮ್ಮಲ್ಲಿ ದಂಡವೂ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಸುಮ್ನೆ ಮಾತು ಕೊಟ್ಟಿದ್ದಕ್ಕೆ ನಿಂತಿರಿ.

ಇನ್ನು ಆ ಮುರಿದ ಹ್ಯಾಂಗರ್, ಅಂದರೆ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ತುಂಡು. ಒಂದು ಕೋಲು ಹಿಂದಿನ ಚಕ್ರಕ್ಕೆ ಸಿಕ್ಕಿ ಡಿರೇಲರನ್ನೇ ಎಳೆದು ಹಾಕಿತು. ಫ್ರೇಮ್ ಉಳಿಯಲಿ ಅಂತಲೇ ಹ್ಯಾಂಗರನ್ನು ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಮಾಡಿರುತ್ತಾರೆ, ಅದು ತನ್ನ ಕೆಲಸ ಮಾಡಿತು. ಆದರೆ ಹಳೆಯ ಬೈಕುಗಳಲ್ಲಿ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. 2019ರಲ್ಲಿ ಬೈಕಿನ ಬಿಡಿಭಾಗ ಮಾಡುವ ಸ್ರ್ಯಾಮ್ ಕಂಪನಿ ಎಲ್ಲರೂ ಬಳಸಬಹುದಾದ ಒಂದೇ ಅಳತೆಯ ಹ್ಯಾಂಗರ್ ತಂದ ಮೇಲೆ ಹೊಸ ಬೈಕುಗಳಿಗೆ ಈ ಕಷ್ಟ ಕಡಿಮೆಯಾಗಿದೆ, ಇದು ಹಳೆಯದು. ನಮ್ಮ ರಿಪೇರಿ ಗೆಳೆಯ ಮಾತಾಡದೆ ಬೈಕ್ ತಲೆಕೆಳಗೆ ಮಾಡಿದ. ಡಿರೇಲರ್ ಬಿಚ್ಚಿ ಚೀಲಕ್ಕೆ ಹಾಕಿದ. ಚೈನನ್ನು ನಡುವಿನ ಒಂದು ಹಲ್ಲುಚಕ್ರಕ್ಕೆ ನೇರವಾಗಿ ಕೂರಿಸಿ, ಜಾಸ್ತಿಯಾದ ಕೊಂಡಿಗಳನ್ನು ಕಳಚಿ, ತುದಿಗಳನ್ನು ಬೇಗ ಜೋಡಿಸುವ ಕ್ವಿಕ್ ಲಿಂಕ್ ಕೊಂಡಿ ಹಾಕಿ ಸೇರಿಸಿದ. ಪೆಡಲ್ ತಿರುಗಿಸಿದ, ಚೈನ್ ಪಕ್ಕದ ಹಲ್ಲಿಗೆ ಹತ್ತಿತು. ಮತ್ತೆ ಬಿಚ್ಚಿದ, ಜಾಗ ಬದಲಿಸಿದ. ಈ ಸಲ ನಿಂತಿತು. ಹಿಂದೆ ಸಸ್ಪೆನ್ಷನ್ ಇಲ್ಲದ ಬೈಕ್ ಆಗಿದ್ದದ್ದು ಪುಣ್ಯ, ಇಲ್ಲದಿದ್ದರೆ ಪ್ರತಿ ಕುಣಿತಕ್ಕೂ ಚೈನ್ ಎಳೆದುಕೊಳ್ಳುತ್ತಿತ್ತು. ಒಂದೇ ಗೇರಿನಲ್ಲಿ ಆ ಬೈಕ್ ಕೊನೆಯವರೆಗೂ ಬಂತು. ಓಡಿಸಿದವರ ಕಾಲಿಗೂ ಒಂದು ನಮಸ್ಕಾರ.

ಗಾಡಿಯಲ್ಲಿ ನೀರು, ಊಟ, ಟ್ಯೂಬು ಹೊತ್ತು ಬಂದವರಿಗೆ, ನಮ್ಮನ್ನು ತಮ್ಮ ಜಮೀನಿನ ಮೇಲೆ ಹಾಯಲು ಬಿಟ್ಟವರಿಗೆ, ಮನೆಯ ಕೆಲಸ ತಮ್ಮ ಮೇಲೆ ಹಾಕಿಕೊಂಡು ನಮ್ಮನ್ನು ಕಳಿಸಿದ ಮನೆಯವರಿಗೆ ತುಂಬು ಮನಸ್ಸಿನ ವಂದನೆ.

ಸ್ವೀಪ್ ಆಗಿ ಬಂದ ಅಕ್ಕನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ರೈಡರ್ ಅವರು. ಮುಂದೆ ಹೋಗಿದ್ದರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಅವರು ಕೇಳಿ ಪಡೆದದ್ದು ಕೊನೆಯ ಜಾಗ. ಕೊನೆಯ ರೈಡರಿನ ಚಕ್ರಕ್ಕೆ ಅಂಟಿಕೊಂಡು ಅವರು ಬರುತ್ತಿರಲಿಲ್ಲ, ಒಂದು ತಿರುವಿನಷ್ಟು ದೂರ ಬಿಟ್ಟು ಬರುತ್ತಿದ್ದರು. ಬೆನ್ನ ಹಿಂದೆ ಯಾರೋ ಕಾಯುತ್ತಿದ್ದಾರೆ ಅನ್ನಿಸಿದರೆ ಸುಸ್ತಾದವರು ಆತುರ ಮಾಡಿ ಬೀಳುತ್ತಾರೆ, ಅದಕ್ಕೆ. ‘ಇನ್ನೇನು ಬಂತು’ ಅಂತ ಸುಳ್ಳು ಸಮಾಧಾನ ಒಮ್ಮೆಯೂ ಹೇಳಲಿಲ್ಲವಂತೆ. ಎಷ್ಟು ಏರು ಉಳಿದಿದೆ ಅಂತ ಇದ್ದದ್ದನ್ನೇ ಹೇಳಿ, ಮೊದಲು ಏನಾದರೂ ತಿನ್ನಿಸಿ, ಆಮೇಲೆ ಹೊರಡಿಸುತ್ತಿದ್ದರಂತೆ. ಅವರ ಜೊತೆ ಹಿಂದೆ ಬಂದವರೇ ಇದನ್ನು ನನಗೆ ಹೇಳಿದ್ದು, ಕಣ್ಣು ತುಂಬಿಕೊಂಡು.

ಅಕ್ಕಾ, ಮುಂದಿನ ರೈಡಿಗೆ ನೀವು ಎಲ್ಲರಿಗಿಂತ ಮುಂದೆ ಹೋಗಬೇಕು, ನಿಮಗೆ ಇಷ್ಟ ಬಂದಷ್ಟು ಜೋರಾಗಿ. ಹಿಂದೆ ನಾನು ಬರುತ್ತೇನೆ.