ಏಂಜಲ್ ಮರಿ ಮಾಡಿಸುವ ಮೊದಲು ಜಾಗ ನೋಡಿ

ಸಂಪಾದಕರೇ,

ಮನೆಯಲ್ಲೇ ಬಣ್ಣದ ಮೀನು ಮರಿ ಮಾಡಿಸಿ ಮಾರಿದರೆ ಒಳ್ಳೆ ಕಾಸು ಅಂತ ನಿಮ್ಮ ಪುರವಣಿಯಲ್ಲಿ ಬಂದಿತ್ತು. ಓದಿ ನಗು ಬಂತು. ನಾನು ಹಾಸನದಲ್ಲಿ ಬ್ಲೌಸ್ ಹೊಲಿಯುವವಳು. ನನ್ನ ಮೆಷಿನ್ ಈಗ ಅಡುಗೆಮನೆ ಬಾಗಿಲಲ್ಲಿದೆ. ಅದು ಇದ್ದ ಜಾಗದಲ್ಲಿ ಏಂಜಲ್ ಮೀನುಗಳಿವೆ.

6 ಮರಿ ತಂದಿದ್ದೆ. ದೊಡ್ಡವಾದ ಮೇಲೆ ಎರಡು ಜೋಡಿಯಾಗಿ ಒಂದು ಮೂಲೆ ಹಿಡಿದವು. ಉಳಿದ ನಾಲ್ಕನ್ನು ಹತ್ತಿರ ಸೇರಿಸಲಿಲ್ಲ. ಎರಡನೇ ಟ್ಯಾಂಕ್ ಬಂದಿದ್ದೇ ಹಾಗೆ. ನೆಟ್ಟಗೆ ನಿಲ್ಲಿಸಿದ್ದ ಪಿವಿಸಿ ಪೈಪಿನ ತುಂಡಿಗೆ ಹೆಣ್ಣು ಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಯಿತು, ಹಿಂದೆಯೇ ಗಂಡು. ಇವೇ ತಿಂದುಬಿಡುತ್ತವೆ ಅಂತ ಪೈಪನ್ನೇ ಎತ್ತಿ ಬೇರೆ ನೀರಿಗೆ ಇಟ್ಟೆ. ಎಡವಿದ್ದು ಅಲ್ಲೇ. ಮೊಟ್ಟೆ ಎತ್ತಿದರೆ ಜೋಡಿ ಸುಮ್ನಿರುವುದಿಲ್ಲ. 12ನೇ ದಿನಕ್ಕೆ ಮತ್ತೆ ಇಟ್ಟವು.

ಚಿಕ್ಕ ಮರಿ ನೋಡಲು ಚೆಂದ. ಆರ್ಟೀಮಿಯಾ ಅಂತ ಕಣ್ಣಿಗೆ ಕಾಣದಷ್ಟು ಪುಟ್ಟ ಸೀಗಡಿಮರಿಯಂಥ ಆಹಾರ ಹಾಕಿದ ಸ್ವಲ್ಪ ಹೊತ್ತಿಗೆ ಸೂಜಿಮೊನೆಯಷ್ಟು ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆಗ 200 ಮರಿಗೂ ಒಂದು ಸಣ್ಣ ಟ್ಯಾಂಕ್ ಸಾಕು. ಎರಡು ತಿಂಗಳಿಗೆ ಒಂದೊಂದೂ ನಾಣ್ಯದಷ್ಟಾಗುತ್ತದೆ, ಮರಿಗೆ 4 ಲೀಟರ್ ನೀರು ಬೇಕು ಅಂತ ನನ್ನ ಲೆಕ್ಕ. 100 ಮರಿಗೆ 400 ಲೀಟರ್. ಅಂದರೆ 400 ಕಿಲೋ, ಗಾಜಿನ ತೂಕ ಬಿಟ್ಟು. ಬಾಡಿಗೆ ಮನೆಯ ಮಹಡಿ ಮೇಲೆ! ನಮ್ಮ ಬೀದಿಗೆ ನಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ. ಕ್ಲೋರಿನ್ ಹೋಗಲಿ ಅಂತ ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರೆಲ್ಲ ಮೀನಿಗೇ. ನಮ್ಮತ್ತೆ, "ನಮಗೂ ಒಂದು ಚೊಂಬು ಉಳಿಸಮ್ಮ" ಅಂದರು.

ಇಕ್ಕಟ್ಟಿನಲ್ಲೇ ಬೆಳೆಸಿ ನೋಡಿದೆ. ಕೆಲವಕ್ಕೆ ಹೊಟ್ಟೆ ಕೆಳಗಿನ ಎಳೆಯಂಥ ರೆಕ್ಕೆ ಸೊಟ್ಟಗಾಯಿತು, ಕೆಲವಕ್ಕೆ ಬರಲೇ ಇಲ್ಲ. ಅಂಗಡಿಯವರು ಕವರ್ ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಯಾರು ತಗೋತಾರೆ ಅಕ್ಕಾ?" ಅಂತ ವಾಪಸ್ ಕೊಟ್ಟರು. ಬಸ್ಸಲ್ಲಿ ಆ ಕವರ್ ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದೆ.

ಪಕ್ಕದ ಮನೆ ಹುಡುಗ ಹುಣಸಿನಕೆರೆಗೆ ಬಿಡೋಣ ಅಂದ. ಖಂಡಿತ ಬೇಡ ಅಂದೆ. ಇವು ಅಮೆಜಾನ್ ಕಡೆಯವು, ನಮ್ಮ ಕೆರೆಯವಲ್ಲ. ಟ್ಯಾಂಕಿನಿಂದ ಹೋದ ಸಕ್ಕರ್ ಮೀನು ಎಷ್ಟೋ ಕಡೆ ಬಲೆ ತುಂಬ ಬರುತ್ತಿರುವುದನ್ನು ನೀವೇ ಬರೆದಿದ್ದೀರಿ, ಅಲ್ವಾ?

ಈಗ ಜೋಡಿಯ ಮಧ್ಯೆ ಒಂದು ಗಾಜು ನಿಲ್ಲಿಸಿದ್ದೇನೆ. ಅಂಗಡಿಯವರು ಕೇಳಿದರೆ ಮಾತ್ರ ತೆಗೆಯುತ್ತೇನೆ. ಗಾಜು ಇದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ಆದರೆ ಮರಿಯಾಗುವುದಿಲ್ಲ. ಬೆಳ್ಳಗಾಗಿ ಬೂಷ್ಟು ಹಿಡಿಯುತ್ತದೆ. ಮೊದಲ ಸಲ ನೋಡಿದಾಗ ಸಂಕಟವಾಯಿತು.

ಮುಂದೆ ಇಂಥ ಲೇಖನ ಹಾಕುವಾಗ ಲಾಭದ ಪಕ್ಕದಲ್ಲಿ ಲೀಟರ್ ಲೆಕ್ಕವನ್ನೂ ಹಾಕಿ. ಹಾಂ, ರೆಕ್ಕೆ ಸೊಟ್ಟ ಇರುವ ಸುಮಾರು 40 ಮರಿ ಇನ್ನೂ ಇವೆ. ದುಡ್ಡು ಬೇಡ. ತಗೊಳ್ಳುವವರು ಮೊದಲು ತಮ್ಮ ಖಾಲಿ ಟ್ಯಾಂಕಿನ ಫೋಟೋ ತೋರಿಸಬೇಕು, ಅಷ್ಟೇ.

— ಒಬ್ಬ ಓದುಗಿ, ಹಾಸನ